ಭವಿಷ್ಯ ಲೆಕ್ಕಹಾಕುವ ಪಾತ್ರವನ್ನು ಕಟ್ಟುವುದು ಹೇಗೆ?

ವೈಜ್ಞಾನಿಕ ಕತೆಗಾರ ಐಸಾಕ್ ಅಸಿಮೋವ್ 1942ರಲ್ಲಿ ಶುರುಮಾಡಿದ ‘ಫೌಂಡೇಶನ್’ ಕತೆಗಳಲ್ಲಿ ಗಣಿತಜ್ಞ ಹ್ಯಾರಿ ಸೆಲ್ಡನ್ ಅನಿಲದ ನಿಯಮವನ್ನು ಮನುಷ್ಯರಿಗೆ ಹಚ್ಚಿ ಭವಿಷ್ಯ ಲೆಕ್ಕಹಾಕುತ್ತಾನೆ. ಒಂದು ಅಣು ಎತ್ತ ಹಾರುತ್ತದೋ ಹೇಳಲಾಗದು, ಕೋಟ್ಯಂತರ ಅಣುಗಳ ಒತ್ತಡವನ್ನು ಹೇಳಬಹುದು. ಭವಿಷ್ಯ ಲೆಕ್ಕಹಾಕಿ ಜನರನ್ನು ಗುಟ್ಟಾಗಿ ತಿರುಗಿಸುವ ಗುಪ್ತ ಸಂಘದ ಇಂಥದೇ ಕತೆ ಬರೆಯುವವರು ಈ ಮಾತು ಎಲ್ಲಿಯವರೆಗೆ ನಿಜ ಎಂದು ಮೊದಲು ಲೆಕ್ಕ ಹಾಕಿ ನೋಡಿ. ಇಲ್ಲದಿದ್ದರೆ ನಿಮ್ಮ ಗಣಿತಜ್ಞ ಕಂಪ್ಯೂಟರ್ ಇಟ್ಟುಕೊಂಡ ಜೋಯಿಸನಾಗುತ್ತಾನೆ.

ನಾಣ್ಯದಿಂದ ಶುರುಮಾಡಿ. 100 ಸಲ ಚಿಮ್ಮಿದರೆ ‘ತಲೆ’ ಹೆಚ್ಚುಕಡಿಮೆ 40ರಿಂದ 60ರೊಳಗೆ ಬೀಳುತ್ತದೆ (20 ಪ್ರಯತ್ನಗಳಲ್ಲಿ 19 ಸಲ). 10 ಲಕ್ಷ ಸಲ ಚಿಮ್ಮಿದರೆ 4,99,000ದಿಂದ 5,01,000. ತಪ್ಪು ಶೇ 0.1 ಮಾತ್ರ. ಸೆಲ್ಡನ್‌ಗೆ ಇಡೀ ಗ್ಯಾಲಕ್ಸಿಯ ಜನಸಂಖ್ಯೆ ಬೇಕಾದದ್ದು ಇದಕ್ಕೇ. ಆದರೆ ನಾಣ್ಯಗಳು ಒಂದನ್ನೊಂದು ನೋಡುವುದಿಲ್ಲ, ಜನ ನೋಡುತ್ತಾರೆ. ಆ 10 ಲಕ್ಷ ಮಂದಿ ತಲಾ 10,000ದ ಗುಂಪುಗಳಾಗಿ, ಗುಂಪಿನವರೆಲ್ಲ ಒಂದೇ ಕಡೆ ವಾಲಿದರೆ ನಿಮ್ಮ ಕೈಯಲ್ಲಿ ಉಳಿಯುವುದು 100 ನಾಣ್ಯವೇ. ಮತ್ತೆ ಶೇ 40ರಿಂದ 60.

ಈಗ ಜನರನ್ನು ರಹಸ್ಯವಾಗಿ ತಿರುಗಿಸುವ ಭಾಗ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1978ರಲ್ಲಿ ಕೊಟ್ಟ ಗಲಭೆಯ ಮಾದರಿಯನ್ನು ಎಕ್ಸೆಲ್‌ನಲ್ಲಿ ಹತ್ತು ನಿಮಿಷದಲ್ಲಿ ಮಾಡಬಹುದು. ಒಂದು ಕಾಲಂನಲ್ಲಿ 0ಯಿಂದ 99ರವರೆಗೆ ಬರೆಯಿರಿ. ಇವರು 100 ಜನ. ‘ಎಷ್ಟು ಮಂದಿ ಕಲ್ಲೆತ್ತಿದ ಮೇಲೆ ನಾನೂ ಎತ್ತುತ್ತೇನೆ’ ಎಂಬುದು ಪ್ರತಿಯೊಬ್ಬರ ಸಂಖ್ಯೆ. ಮೊದಲ ಸುತ್ತಿನಲ್ಲಿ 0 ಇರುವವನು ಎತ್ತುತ್ತಾನೆ. ಪ್ರತಿ ಸುತ್ತಿನಲ್ಲೂ, ಹಿಂದಿನ ಸುತ್ತಿನ ಮೊತ್ತಕ್ಕೆ ಸಮ ಅಥವಾ ಅದಕ್ಕಿಂತ ಕಡಿಮೆ ಸಂಖ್ಯೆಯವರನ್ನು ‘ಕೌಂಟ್‌ಇಫ್’ ಸೂತ್ರದಿಂದ ಎಣಿಸಿ. ನೂರನೇ ಸುತ್ತಿಗೆ ಊರಿಗೆ ಊರೇ ಬೀದಿಯಲ್ಲಿ. ಈಗ 1 ಇರುವವನ ಸಂಖ್ಯೆಯನ್ನು 2 ಮಾಡಿ. ಒಬ್ಬನೇ ಕಲ್ಲೆತ್ತುತ್ತಾನೆ, ಗಲಭೆ ಅಲ್ಲಿಗೇ ನಿಂತಿತು. ಸರಾಸರಿ ಬದಲಾದದ್ದು 49.5ರಿಂದ 49.51ಕ್ಕೆ, ಸಮೀಕ್ಷೆ ಮಾಡಿದವನಿಗೆ ಎರಡೂ ಊರು ಒಂದೇ.

ನಿಮ್ಮ ಗುಪ್ತ ಸಂಘದ ಕೆಲಸ ಇಲ್ಲಿದೆ, ಫಜೀತಿಯೂ ಇಲ್ಲೇ. ಜನ ಪರಸ್ಪರ ನೋಡದ ಕಡೆ ಭವಿಷ್ಯ ಹೇಳಬಹುದು, ಸಣ್ಣ ತಳ್ಳಿಗೆ ಅಲ್ಲಿ ಏನೂ ಕದಲುವುದಿಲ್ಲ. ನೋಡುವ ಕಡೆ ಒಬ್ಬನನ್ನು ತಳ್ಳಿದರೂ ಸಾಕು, ಆದರೆ ಅದೇ ತಳ್ಳು ಬೇರೆ ಯಾರೋ ಗೊತ್ತಿಲ್ಲದೆಯೂ ಕೊಟ್ಟಾರು. 1973ರ ಡಿಸೆಂಬರ್‌ನಲ್ಲಿ ಜಪಾನಿನ ಟೊಯೊಕಾವಾ ಶಿಂಕಿನ್ ಬ್ಯಾಂಕಿನ ಮುಂದೆ ಠೇವಣಿದಾರರು ಮುಗಿಬಿದ್ದದ್ದು ರೈಲಿನಲ್ಲಿ ಶಾಲಾ ಹುಡುಗಿಯರು ಆಡಿದ ಹರಟೆಯಿಂದ. ಸಂಚು ಯಾರದ್ದೂ ಇರಲಿಲ್ಲ. ಅಸಿಮೋವ್ ‘ಮ್ಯೂಲ್’ ಎಂಬ ಮನಸ್ಸು ತಿರುಚುವವನನ್ನು ತಂದು ಸೆಲ್ಡನ್ನನ ಯೋಜನೆ ಕೆಡಿಸಿದ. ನಿಮಗೆ ಅಷ್ಟು ದೊಡ್ಡ ಆಳು ಬೇಡ.

ಹಾಗಾಗಿ ತಳ್ಳುವುದಕ್ಕಿಂತ ದಾರಿ ಮುಚ್ಚುವುದನ್ನು ಬರೆಯಿರಿ. ಸೆಲ್ಡನ್ ತನ್ನವರನ್ನು ಲೋಹವೇ ಸಿಗದ ಅಂಚಿನ ಗ್ರಹಕ್ಕೆ ಕಳಿಸುತ್ತಾನೆ. ಬಿಕ್ಕಟ್ಟು ಬಂದಾಗ ಅವರಿಗೆ ಉಳಿಯುವುದು ಒಂದೇ ದಾರಿ. ಪ್ರತಿ ಬಿಕ್ಕಟ್ಟಿಗೂ ಪಾತ್ರಗಳ ಮುಂದಿರುವ ದಾರಿಗಳನ್ನು ಪಟ್ಟಿಮಾಡಿ, ಒಂದೊಂದನ್ನೂ ಯಾರು, ಎಷ್ಟು ವರ್ಷ ಮೊದಲು, ಯಾವ ನೆಪದಲ್ಲಿ ಮುಚ್ಚಿದರು ಎಂದು ಪಕ್ಕದಲ್ಲಿ ಬರೆದುಕೊಳ್ಳಿ. ನೆಪ ಸಿಗದ ಸಾಲಿದ್ದರೆ ಓದುಗ ಅಲ್ಲೇ ಹಿಡಿಯುತ್ತಾನೆ.

ಭವಿಷ್ಯ ಗೊತ್ತಿರುವವರ ಲೆಕ್ಕವನ್ನೂ ಅಧ್ಯಾಯವಾರು ಇಡಿ. ‘ಶುಕ್ರವಾರ ಬ್ಯಾಂಕು ಮುಳುಗುತ್ತದೆ’ ಎಂದು ಹತ್ತು ಜನಕ್ಕೆ ತಿಳಿದರೆ ಅದು ಗುರುವಾರವೇ ಮುಳುಗುತ್ತದೆ.