ಲುವಾಂಡಾದಿಂದ ಕಬಿಂಡಾಗೆ ಹೋಗೋದು ಹೇಗೆ? (ನಡುವೆ ಇನ್ನೊಂದು ದೇಶ ಇದೆ!)

ಆಯಿಲ್ ಫೀಲ್ಡ್ ಕೆಲಸ ಅಂತ ಅಂಗೋಲಾಗೆ ಹೊರಡುವವರಲ್ಲಿ ಕೆಲವರ ಆಫರ್ ಲೆಟರ್‌ನಲ್ಲಿ ಊರಿನ ಹೆಸರು ಕಬಿಂಡಾ ಅಂತ ಇರುತ್ತದೆ. ರಾಜಧಾನಿ ಲುವಾಂಡಾದಲ್ಲಿ ಇಳಿದು ಒಂದು ಬಸ್ ಹಿಡಿದರಾಯ್ತು ಅಂದುಕೊಂಡರೆ ಕೆಟ್ಟಿರಿ.

ಮೊದಲು ಫೋನ್‌ನಲ್ಲಿ ಮ್ಯಾಪ್ ತೆಗೆಯಿರಿ. ಕಾಂಗೋ ನದಿ ಸಮುದ್ರ ಸೇರುವ ಜಾಗದ ಮೇಲೆ ಬೆರಳಿಡಿ. ಬೆರಳಿನ ಕೆಳಗಡೆ ಅಂಗೋಲಾ, ಮೇಲ್ಗಡೆ ಪುಟ್ಟ ತುಂಡಾಗಿ ಕಾಣುವುದು ಕಬಿಂಡಾ. ಅದೂ ಅಂಗೋಲಾದ್ದೇ ಪ್ರಾಂತ್ಯ, ಅದರ ಮುಖ್ಯ ಊರಿನ ಹೆಸರೂ ಕಬಿಂಡಾನೇ. ಬೆರಳು ಮುಚ್ಚಿರುವ ಜಾಗ ಮಾತ್ರ ಬೇರೆ ದೇಶದ್ದು, ಕಿನ್ಶಾಸಾ ರಾಜಧಾನಿಯಾಗಿರುವ ಕಾಂಗೋದ್ದು. ಅಷ್ಟು ದೊಡ್ಡ ದೇಶಕ್ಕೆ ಸಮುದ್ರ ಅಂತ ಇರುವುದು ಆ ಸುಮಾರು 40 ಕಿ.ಮೀ. ಕರಾವಳಿ ಮಾತ್ರ. 1884-85ರ ಬರ್ಲಿನ್ ಸಮ್ಮೇಳನದ ಹೊತ್ತಿನಲ್ಲಿ ಯುರೋಪಿನವರು ಗೆರೆ ಎಳೆದ ರೀತಿ ಇದು. ಕಬಿಂಡಾದ ಉತ್ತರಕ್ಕೆ ಇನ್ನೊಂದು ಕಾಂಗೋ, ಬ್ರಾಜಾವಿಲ್ ಕಾಂಗೋ. ಈ ಎರಡನ್ನು ಕಲಸಿಕೊಂಡರೆ ವೀಸಾ ಅರ್ಜಿಯೇ ತಪ್ಪಾಗುತ್ತದೆ, ಹುಷಾರು. ಕಬಿಂಡಾ ಎಷ್ಟು ದೊಡ್ಡದು ಅಂದರೆ, ಹೆಚ್ಚುಕಡಿಮೆ ನಮ್ಮ ಚಿಕ್ಕಮಗಳೂರು ಜಿಲ್ಲೆಯಷ್ಟು.

ಈಗ ದಾರಿ. ಸುಲಭ ಅಂದರೆ ವಿಮಾನ. ಲುವಾಂಡಾದಿಂದ ಒಂದು ಗಂಟೆಯ ಆಸುಪಾಸು, ದೇಶದೊಳಗಿನ ಹಾರಾಟ, ಗಡಿ ದಾಟುವ ತಲೆನೋವಿಲ್ಲ. ಕಾಂಗೋ ನದಿಯ ಈಚೆ ದಡದ ಅಂಗೋಲಾ ಊರು ಸೋಯೋ ಮೂಲಕ ಹೋಗುವ ಕ್ಯಾಟಮರಾನ್ (ಜೋಡಿ ಒಡಲಿನ) ದೋಣಿಯೂ ಶುರುವಾಗಿದೆ. ಆದರೆ ಹೊರಡುವ ದಿನ ಓಡುತ್ತದಾ ಅಂತ ಅಲ್ಲಿಯವರನ್ನೇ ಕೇಳಿಕೊಂಡು ನಂಬಿ. ರಸ್ತೆಯಲ್ಲೇ ಹೋಗ್ತೀನಿ ಅನ್ನುವವರು ಸೋಯೋವರೆಗೆ ಹೋಗಿ, ನದಿ ದಾಟಿ, ಕಿನ್ಶಾಸಾ ಕಾಂಗೋ ವೀಸಾ ತೋರಿಸಿ, ಅಲ್ಲಿನ ಮುವಾಂಡಾ ಊರಿನ ಕಡೆಯಿಂದ ಯೆಮಾ ಗಡಿಯಲ್ಲಿ ಮತ್ತೆ ಅಂಗೋಲಾದೊಳಗೆ ಬರಬೇಕು. ಅಂಗೋಲಾದವರೂ ತಮ್ಮದೇ ದೇಶದಿಂದ ಹೊರಗೆ ಹೋಗಿ ತಮ್ಮದೇ ದೇಶಕ್ಕೆ ಬರೋದು, ವಿಚಿತ್ರ ಅಲ್ವಾ? ಮೊದಲ ಸಲ ಹೋಗುವವರಿಗೆ ಇದು ಬೇಡವೇ ಬೇಡ.

ಉತ್ತರದ ಬ್ರಾಜಾವಿಲ್ ಕಾಂಗೋದ ಪ್ವಾಂಟ್ ನ್ವಾರ್ ಊರಿನಿಂದ ಮಸಾಬಿ ಗಡಿ ಮೂಲಕವೂ ರಸ್ತೆ ಇದೆ. 2010ರ ಜನವರಿ 8ರಂದು ಆಫ್ರಿಕಾ ಕಪ್ ಆಡಲು ಟೋಗೋ ಫುಟ್‌ಬಾಲ್ ತಂಡದ ಬಸ್ ಈ ಕಡೆಯಿಂದಲೇ ಬಂದಿತ್ತು. ಗಡಿ ದಾಟಿದ ಮೇಲೆ ಬಸ್ಸಿನ ಮೇಲೆ ಗುಂಡಿನ ದಾಳಿಯಾಗಿ ಸಹಾಯಕ ಕೋಚ್ ಮತ್ತು ಮಾಧ್ಯಮ ಅಧಿಕಾರಿ ತೀರಿಕೊಂಡರು. ದಾಳಿಯ ಹೊಣೆ ಹೊತ್ತವರು ಕಬಿಂಡಾ ಬೇರೆ ದೇಶವಾಗಬೇಕು ಅನ್ನುವ ಫ್ಲೆಕ್ ಎಂಬ ಪ್ರತ್ಯೇಕತಾವಾದಿ ಸಂಘಟನೆಯ ಬಣದವರು.

ಇವರ ವಾದ ಏನು ಅಂತ ಗೊತ್ತಿರಲಿ, ಆದರೆ ಟ್ಯಾಕ್ಸಿಯಲ್ಲಿ ಕೂತು ಚರ್ಚೆ ಮಾಡಬೇಡಿ. 1885ರ ಫೆಬ್ರವರಿ 1ರಂದು ಸಿಮುಲಂಬುಕೊ ಒಪ್ಪಂದದಲ್ಲಿ ನಮ್ಮ ಹಿರಿಯರು ಪೋರ್ಚುಗಲ್ ಜೊತೆ ಬೇರೆಯಾಗಿಯೇ ಸಹಿ ಹಾಕಿದ್ದಾರೆ, ನಾವು ಅಂಗೋಲಾದ ಭಾಗ ಆಗಿರಲೇ ಇಲ್ಲ ಅನ್ನೋದು ಅವರ ಮಾತು. ಅಂಗೋಲಾಗೆ ಸ್ವಾತಂತ್ರ್ಯ ಕೊಡಲು ಪೋರ್ಚುಗಲ್ ಮಾಡಿಕೊಂಡ 1975ರ ಆಲ್ವೋರ್ ಒಪ್ಪಂದ ಕಬಿಂಡಾ ಅಂಗೋಲಾದ್ದೇ ಅಂತ ಬರೆದುಬಿಟ್ಟಿತು. ಆ ಮಾತುಕತೆಗೆ ಫ್ಲೆಕ್‌ನವರನ್ನು ಕರೆದಿರಲಿಲ್ಲ. 2006ರಲ್ಲಿ ಒಂದು ಬಣದ ಜೊತೆ ಸರ್ಕಾರ ಶಾಂತಿ ಒಪ್ಪಂದ ಮಾಡಿಕೊಂಡಿತು, ಉಳಿದವರು ಒಪ್ಪಲಿಲ್ಲ. ನನ್ನನ್ನು ಕೇಳಿದರೆ, ಸಮುದ್ರದಡಿ ಎಣ್ಣೆ ಇಲ್ಲದಿದ್ದರೆ ಈ ತುಂಡಿಗಾಗಿ ಇಷ್ಟು ಜಗಳ ಆಗುತ್ತಿರಲಿಲ್ಲ.

ಎಣ್ಣೆ ಕೆಲಸ ಅಂದರೆ ಬಹುಪಾಲು ಮಲೊಂಗೊ. ಕಬಿಂಡಾ ಊರಿನ ಉತ್ತರಕ್ಕೆ, ಸಮುದ್ರದ ದಂಡೆಯಲ್ಲಿ ಬೇಲಿ ಹಾಕಿದ ದೊಡ್ಡ ನೆಲೆ. ಊರಿನಿಂದ ರಸ್ತೆಯಲ್ಲಿ ದೂರ ಏನಿಲ್ಲ. ಆದರೂ ವಿದೇಶಿ ಸಿಬ್ಬಂದಿಯನ್ನು ಏರ್‌ಪೋರ್ಟ್‌ನಿಂದ ಹೆಲಿಕಾಪ್ಟರ್‌ನಲ್ಲಿ ಕರೆದೊಯ್ಯುವ ಪದ್ಧತಿ ವರ್ಷಗಟ್ಟಲೆ ನಡೆದಿದೆ. ಬೇಲಿ ಸುತ್ತ ನೆಲಬಾಂಬ್ ಹೂತಿದ್ದ ಜಾಗ ಅದು. 1985ರಲ್ಲಿ ದಕ್ಷಿಣ ಆಫ್ರಿಕಾದ ಕಮಾಂಡೋಗಳು ಇಲ್ಲಿಗೆ ಬಂದು ಸಿಕ್ಕಿಬಿದ್ದರು. ಆಗ ಅಮೆರಿಕದ ಕಂಪನಿಯ ಎಣ್ಣೆಗೆ ಕಾವಲಿದ್ದವರು ಯಾರು ಗೊತ್ತಾ? ಅಂಗೋಲಾ ಸರ್ಕಾರದ ನೆರವಿಗೆ ಬಂದಿದ್ದ ಕ್ಯೂಬಾದ ಸೈನಿಕರು! ಇಂಥ ಕಡೆ ಫೋಟೋ ತೆಗೆಯುವ ಚಪಲ ಬೇಡ. ಬಂದರು, ಸೇನೆಯ ಗಾಡಿ, ಚೆಕ್‌ಪೋಸ್ಟ್ ಕಂಡರೆ ಫೋನ್ ಜೇಬಲ್ಲೇ ಇರಲಿ.

ಖರ್ಚಿನ ವಿಷಯದಲ್ಲಿ ಸ್ವಲ್ಪ ಜಾಸ್ತಿಯೇ ಲೆಕ್ಕ ಹಾಕಿಕೊಳ್ಳಿ. ಸ್ವಂತ ದೇಶದಿಂದ ನೇರ ರಸ್ತೆ ಇಲ್ಲದ ಊರಿಗೆ ಸಾಮಾನು ಹಡಗಿನಲ್ಲೋ ವಿಮಾನದಲ್ಲೋ ಇಲ್ಲಾ ಪಕ್ಕದ ದೇಶದ ಮೂಲಕವೋ ಬರಬೇಕು. ಕಚ್ಚಾ ಎಣ್ಣೆ ಹೊರಗೆ ಕಳಿಸಿಕೊಂಡೇ ಬಂದ ಕಬಿಂಡಾದಲ್ಲಿ ರಿಫೈನರಿ ಉದ್ಘಾಟನೆ ಆಗಿದ್ದೇ 2025ರಲ್ಲಿ. ಊಟಕ್ಕೆ ಫುಂಜೆ ಸಿಗುತ್ತದೆ, ಮರಗೆಣಸಿನ ಹಿಟ್ಟಿನದು. ನೋಡಲು ಬಿಳಿ ಮುದ್ದೆ, ಬಾಯಿಗಿಟ್ಟರೆ ಅಂಟು. ಮೀನು ತಿನ್ನದವರು ತಾಳೆ ಎಣ್ಣೆಯಲ್ಲಿ ಬೇಯಿಸಿದ ಹುರುಳಿಕಾಯಿ ಬೀಜ ಕೇಳಿ, ಅಲ್ಲಿ ಅದು ಮಾಮೂಲಿ. ಇಂಗ್ಲಿಷ್ ನಂಬಿಕೊಂಡು ಹೋಗಬೇಡಿ, ಪೋರ್ಚುಗೀಸ್‌ನ ನಾಲ್ಕು ಮಾತು ಕಲಿಯಿರಿ: ಬೆಳಿಗ್ಗೆ ಬೋಂ ದಿಯಾ, ಥ್ಯಾಂಕ್ಸ್‌ಗೆ ಒಬ್ರಿಗಾದು (ಹೆಂಗಸರು ಒಬ್ರಿಗಾದಾ ಅನ್ನಬೇಕು).

ಕಾಗದಪತ್ರ. ಸುಮ್ನೆ ಸುತ್ತಾಡಲು ಹೋಗುವ ಭಾರತೀಯರಿಗೆ 2023ರಿಂದ 30 ದಿನದವರೆಗೆ ವೀಸಾ ವಿನಾಯಿತಿ ಇದೆ. ಕೆಲಸಕ್ಕೆ ಹೋಗುವವರಿಗೆ ಅದು ನಡೆಯದು. ಟೂರಿಸ್ಟ್ ಆಗಿ ಬನ್ನಿ, ಆಮೇಲೆ ನೋಡೋಣ ಅನ್ನುವ ಏಜೆಂಟ್ ಸಿಕ್ಕರೆ ಅಲ್ಲಿಂದಲೇ ವಾಪಸ್ ಬನ್ನಿ. ಹಳದಿ ಜ್ವರದ ಲಸಿಕೆಯನ್ನು ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಹಾಕಿಸಬೇಕು, ಹೊರಡಲು ಕನಿಷ್ಠ 10 ದಿನ ಮೊದಲು. ಸೊಳ್ಳೆಪರದೆ ಮರೆಯಬೇಡಿ, ಮಲೇರಿಯಾ ಜೋರು. ಮತ್ತೆ ಆ ಲಸಿಕೆ ಕಾರ್ಡನ್ನು ವಾಪಸ್ ಬರುವಾಗ ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ. ಬೆಂಗಳೂರಿನಲ್ಲಿ ಇಳಿದ ತಕ್ಷಣ ಕೇಳುತ್ತಾರೆ, ಇಲ್ಲ ಅಂದರೆ ಮನೆಗೆ ಹೋಗುವ ಬದಲು 6 ದಿನದವರೆಗೆ ಕ್ವಾರಂಟೈನ್.