ಎಂಟು ಪದ ಕೂಡಿಸಿದ ಮೇಲೆ ಪೈ ಕಾಣಿಸಿತು

1/2 + 1/24 + 1/180 + 1/1120 + … ಕೊನೆಯಿಲ್ಲದ ಈ ಮೊತ್ತ ನನ್ನನ್ನು ವಾರಗಟ್ಟಲೆ ಹಿಡಿದಿತ್ತು. ಪ್ಯಾಸ್ಕಲ್ ತ್ರಿಕೋನದ, ಅಂದರೆ ನಮ್ಮ ಮೇರು ಪ್ರಸ್ತಾರದ (ಮೇಲಿನ ಎರಡನ್ನು ಕೂಡಿಸಿ ಕೆಳಗಿನದನ್ನು ಬರೆಯುವ ಸಂಖ್ಯಾ ತ್ರಿಕೋನ), ನಟ್ಟನಡುವಿನ ಸಂಖ್ಯೆಗಳನ್ನು (2, 6, 20, 70…) ಕ್ರಮವಾಗಿ 1, 4, 9, 16ರಿಂದ ಗುಣಿಸಿದರೆ ಈ ಛೇದಗಳು ಬರುತ್ತವೆ.

ಅಕ್ಕಪಕ್ಕದ ಪದಗಳು ಒಂದನ್ನೊಂದು ಹೊಡೆದುಹಾಕುತ್ತವೇನೋ ಎಂದು ಎರಡು ಸಂಜೆ ಹುಡುಕಿದೆ. ಆಗಲಿಲ್ಲ. ಆಮೇಲೆ ಕ್ಯಾಲ್ಕುಲೇಟರ್ ತೆಗೆದೆ. ಎಂಟು ಪದಕ್ಕೇ 0.548311 ಬಂತು. ಸುಮ್ನೆ ಪೈ ವರ್ಗದಿಂದ ಭಾಗಿಸಿ ನೋಡಿದೆ: 0.05555… ಅಂದರೆ 1/18! ಮೈ ಜುಮ್ಮೆಂದಿತು. ಆದರೆ ಊಹೆ ಪುರಾವೆಯಾಗುವುದಿಲ್ಲ ಅಲ್ವಾ?

ನಡುವಿನ ಸಂಖ್ಯೆಯ ವ್ಯುತ್ಕ್ರಮವನ್ನು ಇಂಟಿಗ್ರಲ್ ಆಗಿ, ಅಂದರೆ ಒಂದು ವಕ್ರರೇಖೆಯ ಕೆಳಗಿನ ವಿಸ್ತೀರ್ಣವಾಗಿ, ಬರೆಯಬಹುದು. ಪದದ ಕ್ರಮಸಂಖ್ಯೆಯನ್ನು (1, 2, 3…) ಎನ್ ಎನ್ನೋಣ. ಮೊದಲು (2ಎನ್ + 1) ಹೊರಗೆ ನಿಲ್ಲುವ ರೂಪ ಹಿಡಿದೆ. ಪುಟಗಳು ತುಂಬಿದವು, ದಾರಿ ತೆರೆಯಲಿಲ್ಲ. ಛೇದದಲ್ಲಿ ಎನ್ ಎರಡು ಸಲ ಇದೆ. ಒಂದನ್ನು ಇಂಟಿಗ್ರಲ್ ನುಂಗಬೇಕು, ಇನ್ನೊಂದನ್ನು ಲಾಗ್ ಶ್ರೇಣಿ (ವೈ + ವೈ²/2 + ವೈ³/3 + … = −ಲಾಗ್(1 − ವೈ)). ಇದು ಹೊಳೆದ ಮೇಲೆ ಕೆಲಸ ಸರಾಗವಾಯಿತು. 1/(ಎನ್ × ನಡುಸಂಖ್ಯೆ) ಎಂದರೆ ಎಕ್ಸ್‌ನ (ಎನ್ − 1)ನೇ ಘಾತವನ್ನು (1 − ಎಕ್ಸ್)ನ ಎನ್‌ನೇ ಘಾತದಿಂದ ಗುಣಿಸಿ 0ಯಿಂದ 1ರವರೆಗೆ ತೆಗೆದ ಇಂಟಿಗ್ರಲ್. ಎಲ್ಲ ಪದಗಳೂ ಧನ, ಹಾಗಾಗಿ ಮೊತ್ತವನ್ನು ಧೈರ್ಯವಾಗಿ ಒಳಗೆ ತಂದೆ. ಉಳಿದದ್ದು −ಲಾಗ್(1 − ಎಕ್ಸ್ + ಎಕ್ಸ್²)/ಎಕ್ಸ್.

ಇಲ್ಲಿ ಮತ್ತೆ ನಾಲ್ಕು ದಿನ ನಿಂತೆ. ಲಾಗ್ ಒಳಗಿನ ಆ ವರ್ಗಪದಕ್ಕೆ ವಾಸ್ತವ ಮೂಲಗಳೇ ಇಲ್ಲ, ಹಾಗಾಗಿ ಅದು ಅಪವರ್ತನಗಳಾಗಿ ಒಡೆಯುವುದಿಲ್ಲ. ಒಂದು ಬೆಳಿಗ್ಗೆ ಹೈಸ್ಕೂಲಿನ ಘನಗಳ ಸೂತ್ರ ನೆನಪಾಯಿತು: (1 + ಎಕ್ಸ್)(1 − ಎಕ್ಸ್ + ಎಕ್ಸ್²) = 1 + ಎಕ್ಸ್³. ಲಾಗ್ ಎರಡಾಗಿ ಒಡೆಯಿತು! ಲಾಗ್(1 + ಎಕ್ಸ್)/ಎಕ್ಸ್‌ನ ಇಂಟಿಗ್ರಲ್ 1 − 1/4 + 1/9 − … ತಾನೆ. ಗಣಿತಜ್ಞ ಆಯ್ಲರ್ ಕಂಡುಕೊಂಡ 1 + 1/4 + 1/9 + … = ಪೈ²/6ರ ಅರ್ಧ, ಪೈ²/12. ಎಕ್ಸ್³ ಇರುವ ಭಾಗ ಅದರ ಮೂರನೇ ಒಂದು. ಕಳೆದರೆ ಮೂರನೇ ಎರಡು ಉಳಿಯುತ್ತದೆ: ಪೈ²/18.

ಈಗ ವರ್ಗದ ಬದಲು ಘನ ಹಾಕಿ, ಪದಗಳಿಗೆ ಒಂದಾದ ಮೇಲೊಂದು ಪ್ಲಸ್, ಮೈನಸ್ ಹಾಕಿದ ಮೊತ್ತ (1/2 − 1/48 + 1/540 − …) ಹಿಡಿದಿದ್ದೇನೆ. ಅದರ 5/2 ಪಟ್ಟು 1 + 1/8 + 1/27 + …ಗೆ ಸಮ. ಈ ಮೊತ್ತ ಅಭಾಗಲಬ್ಧ (ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲಾಗದ್ದು) ಎಂದು ಫ್ರೆಂಚ್ ಗಣಿತಜ್ಞ ಅಪೆರಿ 1978ರಲ್ಲಿ ಸಾಧಿಸಿದರು. ಘನಗಳ ಸೂತ್ರ ಇಲ್ಲಿ ನಡೆಯುವುದಿಲ್ಲ. ಬೇರೆ ಬಾಗಿಲು ಹುಡುಕುತ್ತಿದ್ದೇನೆ.