ತುಕ್ಕಿಗೆ ಕರೆಂಟು: ಕೈ ಡ್ರಿಲ್, ಹತ್ತರಿ, ವೈಸ್ ಎದ್ದು ನಿಂತದ್ದು

"ಕರೆಂಟು ಕೊಟ್ಟರೆ ತುಕ್ಕಿನ ಜೊತೆ ಕಬ್ಬಿಣವೂ ಕರಗಿ ಹೋಗುತ್ತದೆ" ಎಂದವರೇ ಎಲ್ಲರೂ, ಹಳೆ ಹತಾರವನ್ನು ಸೋಡಾ ನೀರಿನಲ್ಲಿ ಮುಳುಗಿಸಿ, ಕರೆಂಟು ಹರಿಸಿ ತುಕ್ಕು ಬಿಡಿಸುತ್ತೇನೆ ಎಂದಾಗ. ಈಗ ಒಂದು ಕೈ ಡ್ರಿಲ್, ಮರ ಹೆರೆಯುವ ಎರಡು ಕಬ್ಬಿಣದ ಹತ್ತರಿ, ವಸ್ತುವನ್ನು ಬಿಗಿಹಿಡಿಯುವ ಒಂದು ನಾಲ್ಕಿಂಚಿನ ವೈಸ್ ಕೆಲಸಕ್ಕೆ ನಿಂತಿವೆ. ವೈಸಿನ ದವಡೆಯಲ್ಲಿ ಹಿಡಿತಕ್ಕೆಂದು ಇರುವ ಗೀರುಗಳು ಹಾಗೇ ಉಳಿದಿವೆ. ಗ್ರೈಂಡರಿಗೆ ತಂತಿ ಚಕ್ರ ಸಿಕ್ಕಿಸಿ ಉಜ್ಜಿದ್ದರೆ ಅವುಗಳ ಅಂಚು ಸವೆಯಬಹುದಿತ್ತು.

ಗುಜರಿಯಲ್ಲಿ ಕಿಲೋಗೆ 60ರ ಲೆಕ್ಕದಲ್ಲಿ ನಾಲ್ಕಕ್ಕೂ ಸೇರಿ ಸುಮಾರು 850 ರೂಪಾಯಿ ಆಯಿತು. ದುಡ್ಡು ಹಾಳಾದದ್ದು ಕರೆಂಟು ಕೊಡುವ ಬ್ಯಾಟರಿ ಚಾರ್ಜರಿನಲ್ಲಿ. 2,000 ಚಿಲ್ಲರೆ ಕೊಟ್ಟು ತಂದ ಹೊಸ ಆಟೋಮ್ಯಾಟಿಕ್ ಚಾರ್ಜರು ಎದುರಿಗೆ ಬ್ಯಾಟರಿ ಕಾಣದಿದ್ದರೆ ಕರೆಂಟನ್ನೇ ಬಿಡುವುದಿಲ್ಲ. ಬೇಕಾದದ್ದು ಟ್ರಾನ್ಸ್‌ಫಾರ್ಮರ್ ಇರುವ ಹಳೆಯ 12 ವೋಲ್ಟಿನದು. ಸೆಕೆಂಡ್‌ಹ್ಯಾಂಡ್ 600ಕ್ಕೆ ಸಿಕ್ಕಿತು.

ನೀರು 20 ಲೀಟರ್, ವಾಷಿಂಗ್ ಸೋಡಾ ಐದು ದೊಡ್ಡ ಚಮಚ. ಸೋಡಾ ಹೆಚ್ಚು ಸುರಿದರೆ ಕೆಲಸ ಬೇಗ ಆಗುವುದಿಲ್ಲ, ಚಾರ್ಜರು ಬಿಸಿಯಾಗುತ್ತದೆ ಅಷ್ಟೆ. ಉಪ್ಪು ಮಾತ್ರ ಬೇಡವೇ ಬೇಡ, ಕ್ಲೋರಿನ್ ಏಳುತ್ತದೆ. ನೆಗೆಟಿವ್ ಕ್ಲಿಪ್ಪು ಹತಾರಕ್ಕೆ, ಪಾಸಿಟಿವ್ ಬೇರೆ ಕಬ್ಬಿಣಕ್ಕೆ. ಒಮ್ಮೆ ಅದಲುಬದಲಾಗಿ, ವೈಸಿನ ಹಿಡಿಕೆಯ ಸರಳು ಒಂದು ರಾತ್ರಿಯಲ್ಲಿ ಗೆದ್ದಲು ತಿಂದ ಹಾಗೆ ಗುಳಿ ಬಿದ್ದಿತು. ಪಾಸಿಟಿವ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಬಾರದು, ಅದರ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಮನೆ ಕಟ್ಟಿ ಉಳಿದ ಸರಳಿನ ತುಂಡು ಸಾಕು.

ಒಂದೇ ಸರಳು ನಿಲ್ಲಿಸಿದ್ದು ಮೊದಲ ಸಲದ ಇನ್ನೊಂದು ತಪ್ಪು. ಸರಳಿಗೆ ಎದುರಾದ ಮೈಯ ತುಕ್ಕು ಬಿಟ್ಟಿತು, ಹಿಂದಿನದು ಹಾಗೇ ಇತ್ತು. ಈಗ ಬಕೆಟಿನ ಸುತ್ತ ಆರು ಸರಳು ನಿಲ್ಲಿಸಿ ತಂತಿಯಿಂದ ಜೋಡಿಸುತ್ತೇನೆ. ಹತಾರಕ್ಕೆ ಅವು ತಾಗಿದರೆ ಶಾರ್ಟ್. ಕ್ಲಿಪ್ಪು ಕಚ್ಚುವ ಕಡೆ ಅರದಿಂದ ಉಜ್ಜಿ ಬರಿ ಲೋಹ ಕಾಣಿಸಬೇಕು, ಇಲ್ಲದಿದ್ದರೆ ಗುಳ್ಳೆಯೇ ಬರುವುದಿಲ್ಲ. ಎರಡು ಮೂರು ಆಂಪಿಯರಿನಲ್ಲಿ ಹತ್ತರಿಗೆ ಎಂಟು ತಾಸು, ವೈಸಿಗೆ ಒಂದೂವರೆ ದಿನ ಹಿಡಿಯಿತು. ಏಳುವ ಗುಳ್ಳೆ ಹೈಡ್ರೋಜನ್ನು. ಬಕೆಟ್ ಬಯಲಲ್ಲಿರಲಿ, ಬೀಡಿ ದೂರವಿರಲಿ, ಕ್ಲಿಪ್ಪು ತೆಗೆಯುವ ಮೊದಲು ಸ್ವಿಚ್ ಆರಿಸಿ.

ಹತ್ತರಿಯ ಅಲಗನ್ನು ಈ ನೀರಿಗೆ ಇಳಿಸುವುದಿಲ್ಲ. ಹದ ಹಾಕಿದ ಉಕ್ಕು ಹೈಡ್ರೋಜನ್ ಹೀರಿದರೆ ಪೆಡಸಾಗಿ ಚಕ್ಕೆ ಏಳುವ ಭಯ. ಅದಕ್ಕೆ ಸೀಮೆಎಣ್ಣೆ, ಉಪ್ಪುಕಾಗದ, ಕೈ.

ನಡುವೆ ಬೇರೆ ದ್ರಾವಣಗಳನ್ನೂ ನೋಡಿದ್ದಾಯಿತು. ಹುಣಸೆಹುಳಿ ಸಣ್ಣ ಸ್ಕ್ರೂಗಳಿಗೆ ಆಗುತ್ತದೆ, ದೊಡ್ಡದಕ್ಕೆ ಹಚ್ಚಿದರೆ ಕಪ್ಪು ಕಲೆ. ವಿನಿಗರ್ ಒಂದು ದಿನ ಚೆನ್ನ. ಮೂರನೇ ದಿನಕ್ಕೆ ಮೈ ಬೂದಿಬಣ್ಣಕ್ಕೆ ತಿರುಗಿ ಒರಟಾಯಿತು. ಕಾಕಂಬಿ ಒಂದು ಪಾಲು, ನೀರು ಒಂಬತ್ತು ಪಾಲು, ಹದಿನೈದು ದಿನ: ಡ್ರಿಲ್ಲಿನ ಹಲ್ಲುಚಕ್ರದ ಸಂದಿ ಇಷ್ಟು ಶುದ್ಧವಾಗಿ ಬೇರೆ ಯಾವುದರಲ್ಲೂ ಬಂದಿಲ್ಲ. ನೊಣ ಮತ್ತು ವಾಸನೆ ತಡೆದುಕೊಳ್ಳುವವರಿಗೆ ಅದೇ ಉತ್ತಮ.

ಬಕೆಟಿನಿಂದ ಎತ್ತಿದಾಗ ಮೈಯೆಲ್ಲ ಕಪ್ಪು ಮಸಿ. ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಕುದಿನೀರಿನಲ್ಲಿ ಅದ್ದಿ ತೆಗೆಯಬೇಕು. ಕಬ್ಬಿಣ ಬಿಸಿಯಾಗಿರುವುದರಿಂದ ತಾನೇ ಒಣಗುತ್ತದೆ. ತಣ್ಣೀರಿನಲ್ಲಿ ತೊಳೆದು ಒರೆಸುತ್ತ ಕೂತರೆ ಹತ್ತು ನಿಮಿಷದೊಳಗೆ ಕಿತ್ತಳೆ ಬಣ್ಣ ಮತ್ತೆ ಹಾಜರು. ಮಳೆಗಾಲದಲ್ಲಂತೂ ಬಟ್ಟೆ ಹುಡುಕುವಷ್ಟೂ ಹೊತ್ತಿಲ್ಲ. ಬಿಸಿ ಇರುವಾಗಲೇ ಮಿಷಿನ್ ಎಣ್ಣೆ. ಕಡಲೆಕಾಯಿ ಎಣ್ಣೆ ಹಚ್ಚಿ ನೋಡಿದ್ದು ಎರಡು ತಿಂಗಳಲ್ಲಿ ಅಂಟಾಗಿ ಧೂಳು ಹಿಡಿಯಿತು. ಮೇಲಿಂದ ಒಂದು ಮೇಣ ಬಳಿಯುತ್ತೇನೆ, ಜೇನುಮೇಣವೇ ಮುಖ್ಯ. ಜೊತೆಗೆ ಬೆರೆಸುವುದೇನು, ಎಷ್ಟು ಎಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹತ್ತರಿಯ ಅಡಿ ಸಮ ಮಾಡಲು ದಪ್ಪ ಗಾಜಿನ ಮೇಲೆ 80ರ ಒರಟು ಎಮರಿ ಕಾಗದ. ಅಲಗು ಒಳಗೆ ಸರಿಸಿ, ಬಿಗಿದೇ ಉಜ್ಜಬೇಕು, ಏಕೆಂದರೆ ಬಿಗಿದಾಗ ಅಡಿ ಕೂದಲೆಳೆಯಷ್ಟು ಬಾಗುತ್ತದೆ. ಮಾರ್ಕರಿನಿಂದ ಅಡ್ಡಗೆರೆ ಎಳೆದು ಉಜ್ಜಿದರೆ, ಗೆರೆ ಅಳಿಯದೆ ಉಳಿದ ಕಡೆ ತಗ್ಗಿದೆ ಎಂದು ತಿಳಿಯುತ್ತದೆ. ಮುಂದಿನ ತುದಿ, ಅಲಗು ಹೊರಬರುವ ಬಾಯಿಯ ಮುಂಭಾಗ, ಹಿಂದಿನ ತುದಿ ಈ ಮೂರು ಒಂದೇ ಮಟ್ಟಕ್ಕೆ ಬಂದರೆ ಸಾಕು. ಇಡೀ ಅಡಿ ಕನ್ನಡಿಯಾಗಲಿ ಎಂದು ಇನ್ನೆರಡು ತಾಸು ಉಜ್ಜುವುದು ವ್ಯರ್ಥ.

ಡ್ರಿಲ್ಲಿನ ದೊಡ್ಡ ಚಕ್ರ ಹಿಡಿದಿರುವ ಪಿನ್ನು ಒಂದು ಕಡೆ ಸಣ್ಣ, ಒಂದು ಕಡೆ ದಪ್ಪ. ಪಿನ್ನು ತೆಗೆಯಲು ಸಣ್ಣ ತುದಿಯಿಂದಲೇ ಹೊಡೆಯಬೇಕು. ದಪ್ಪ ತುದಿಗೆ ಹೊಡೆದರೆ ಇನ್ನೂ ಬಿಗಿಯುತ್ತದೆ. ಎರಡೂ ಒಂದೇ ಅಳತೆಯಂತೆ ಕಂಡರೆ ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದು ನೋಡಿ. ಕೊರೆಯುವ ಬಿಟ್ಟನ್ನು ಹಿಡಿಯುವ ಚಕ್ ಬಿಚ್ಚುವಾಗ ಬಟ್ಟೆ ಸುತ್ತಿಕೊಳ್ಳಿ, ಮೂರು ಹಲ್ಲುಗಳ ನಡುವಿನ ಪುಟ್ಟ ಸ್ಪ್ರಿಂಗುಗಳು ಹಾರುತ್ತವೆ. ನನ್ನದರಲ್ಲಿ ಎರಡು ತುಂಡಾಗಿದ್ದವು. ವೀಣೆಯ ಉಕ್ಕಿನ ತಂತಿಯನ್ನು ಮೊಳೆಗೆ ಸುತ್ತಿ ಮಾಡಿಕೊಂಡವು ಈಗ 6 ಮಿ.ಮೀ. ಬಿಟ್ಟನ್ನು ಜಾರದಂತೆ ಹಿಡಿಯುತ್ತಿವೆ.